ಕ್ಯಾಂಪಿಂಗ್‌ಗೆ ಫ್ರಿಜ್ ಒಯ್ಯುತ್ತೀರಾ? ಸರಿಯಾದ ಜನರೇಟರ್ ಆರಿಸುವುದು ಹೀಗೆ

ಉಂ… ಉಂ… ಉಂ… ಟಕ್.

ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟ. ಟೆಂಟ್ ಹಾಕಿ ಅರ್ಧ ಗಂಟೆಯೂ ಆಗಿರಲಿಲ್ಲ, ಈ ಸದ್ದು ಶುರುವಾಯಿತು. ಮೂರು ಮನೆಯವರು ಸೇರಿ 12 ಜನ, ನಾಲ್ಕು ದಿನ ಇರೋಣ ಎಂದು ಹೋಗಿದ್ದೆವು. ಪಿಕಪ್‌ನಲ್ಲಿ ಹಳೇ ಸಿಂಗಲ್ ಡೋರ್ ಫ್ರಿಜ್, ಅದರೊಳಗೆ ಹಾಲು, ಮೀನು, ಎರಡು ಡಬ್ಬಿ ದೋಸೆ ಹಿಟ್ಟು, ಅತ್ತೆಯ ಇನ್ಸುಲಿನ್. ಪಕ್ಕದಲ್ಲಿ ಹಿಂದಿನ ವಾರವಷ್ಟೇ ಕೊಂಡ 1 ಕೆವಿಎ (ಹೆಚ್ಚೆಂದರೆ ಸುಮಾರು 1,000 ವ್ಯಾಟ್ ಕೊಡುವ) ಜನರೇಟರ್. "ಫ್ರಿಜ್ 120 ವ್ಯಾಟ್ ತಾನೇ ಸಾರ್, ಇದು ಧಾರಾಳವಾಗಿ ಸಾಕು" ಎಂದಿದ್ದರು ಅಂಗಡಿಯಲ್ಲಿ.

ಸಾಕಾಗಲಿಲ್ಲ. ಕಂಪ್ರೆಸರ್ ತಿರುಗಲು ಒದ್ದಾಡುವುದು, ಪಕ್ಕದ ಬಲ್ಬ್ ಮಂಕಾಗುವುದು, ಕೊನೆಗೆ ಟಕ್ ಅಂತ ಆಫ್ ಆಗುವುದು. ಐದಾರು ನಿಮಿಷ ಬಿಟ್ಟು ಮತ್ತೆ ಅದೇ. ಸಂಜೆಯೊಳಗೆ ಇನ್ಸುಲಿನ್ ಅನ್ನು ತೋಟದ ರೈಟರ್ ಮನೆಯ ಫ್ರಿಜ್‌ನಲ್ಲಿ ಇಟ್ಟು ಬಂದೆವು. ಮೀನನ್ನು ಅವತ್ತೇ ಹುರಿದು ತಿಂದೆವು. ಮರುದಿನ ಪೇಟೆಯಿಂದ ಬಂದ ಮೆಕ್ಯಾನಿಕ್ ಒಬ್ಬರು ಒಂದೇ ಮಾತಿನಲ್ಲಿ ವಿಷಯ ಬಿಡಿಸಿ ಹೇಳಿದರು. "ಎತ್ತಿನ ಗಾಡಿ ಇದ್ದ ಹಾಗೆ ಸಾರ್. ನಿಂತ ಗಾಡಿ ಎಳೆಯೋಕೆ ಎರಡೆತ್ತೂ ಮುಕ್ಕರಿಯಬೇಕು. ಉರುಳೋಕೆ ಶುರುವಾದ್ಮೇಲೆ ಒಂದೆತ್ತು ಸಾಕು."

ಫ್ರಿಜ್‌ಗೆ ಜನರೇಟರ್ ಆರಿಸುವ ವಿದ್ಯೆಯಲ್ಲಿ ಅರ್ಧ ಭಾಗ ಈ ಮಾತಿನಲ್ಲೇ ಇದೆ. ಶುರುವಾಗುವಾಗ ಒಂದು ಕ್ಷಣ ತುಂಬಾ ಶಕ್ತಿ ಬೇಕು, ಆಮೇಲೆ ತೀರಾ ಕಡಿಮೆ ಸಾಕು. ಇನ್ನರ್ಧವನ್ನು ನಾವೇ ಅನುಭವದಿಂದ ಕಲಿತೆವು. ಫ್ರಿಜ್‌ಗೆ 24 ಗಂಟೆ ಕರೆಂಟ್ ಬೇಕಿಲ್ಲ, 24 ಗಂಟೆ ತಂಪು ಇದ್ದರೆ ಸಾಕು. ಇವೆರಡನ್ನೂ ಮನಸ್ಸಿನಲ್ಲಿಟ್ಟುಕೊಂಡರೆ ದೊಡ್ಡ ಜನರೇಟರ್‌ಗೆ ಸುಮ್ನೆ ದುಡ್ಡು ಸುರಿಯಬೇಕಿಲ್ಲ. ನಮ್ಮ ಹಾಗೆ ಚಿಕ್ಕದನ್ನು ತಂದು ಪೇಚಾಡುವುದೂ ಬೇಕಿಲ್ಲ.

1. ಮೊದಲು ಫ್ರಿಜ್ ನೋಡಿ, ಆಮೇಲೆ ಜನರೇಟರ್

ಅಂಗಡಿಗೆ ಹೋಗುವ ಮೊದಲು ನಿಮ್ಮ ಫ್ರಿಜ್ ಯಾವ ಜಾತಿಯದು ಎಂದು ತಿಳಿದುಕೊಳ್ಳಿ. ಕ್ಯಾಂಪಿಂಗ್‌ಗೆ ಒಯ್ಯುವ ಫ್ರಿಜ್‌ಗಳು ಮುಖ್ಯವಾಗಿ ನಾಲ್ಕು ಥರ.

ಒಂದು, ಮನೆಯಲ್ಲಿರುವ ಮಾಮೂಲಿ ಫ್ರಿಜ್. ಹಳೇ ಸಿಂಗಲ್ ಡೋರ್ ಓಡುವಾಗ 100ರಿಂದ 150 ವ್ಯಾಟ್ ತೆಗೆದುಕೊಳ್ಳುತ್ತದೆ. ಆದರೆ ಕಂಪ್ರೆಸರ್ ಶುರುವಾಗುವ ಆ ಅರ್ಧ ಸೆಕೆಂಡಿನಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ನಮಗೆ ಏಟು ಕೊಟ್ಟಿದ್ದು ಇದೇ.

ಎರಡು, ಇನ್ವರ್ಟರ್ ಕಂಪ್ರೆಸರ್ ಇರುವ ಹೊಸ ಫ್ರಿಜ್. ಇದು ಮೆಲ್ಲಗೆ ಶುರುವಾಗಿ ವೇಗ ಹೆಚ್ಚಿಸಿಕೊಳ್ಳುತ್ತದೆ. ಶುರುವಿನ ಎಳೆತ ತುಂಬಾ ಕಡಿಮೆ. ಸಣ್ಣ ಜನರೇಟರ್‌ಗೆ ಇದಕ್ಕಿಂತ ಒಳ್ಳೇ ಜೊತೆ ಇಲ್ಲ. ಫ್ರಾಸ್ಟ್ ಫ್ರೀ ಆಗಿದ್ದರೆ ಮಾತ್ರ ಒಂದು ವಿಷಯ ಗಮನಿಸಿ. ಐಸ್ ಕರಗಿಸುವ ಹೀಟರ್ ಆಗಾಗ ಸ್ವಲ್ಪ ಹೊತ್ತು ಆನ್ ಆಗುತ್ತದೆ, ಆಗ 150ರಿಂದ 300 ವ್ಯಾಟ್‌ವರೆಗೂ ಹೋಗಬಹುದು.

ಮೂರು, ಕಾರಿನ ಡಿಕ್ಕಿಯಲ್ಲಿ ಇಡುವ 12 ವೋಲ್ಟ್ ಕಂಪ್ರೆಸರ್ ಫ್ರಿಜ್. 40 ಲೀಟರ್‌ದು ಓಡುವಾಗ ಸುಮಾರು 45ರಿಂದ 60 ವ್ಯಾಟ್, ಅದೂ ಬಿಟ್ಟು ಬಿಟ್ಟು. ನಿಮ್ಮದು ಇದಾದರೆ ಜನರೇಟರ್ ಕೊಳ್ಳುವ ಮೊದಲು 3ನೇ ಭಾಗ ಓದಿ. ಬಹುಶಃ ನಿಮಗೆ ಜನರೇಟರೇ ಬೇಡ.

ನಾಲ್ಕು, ಗ್ಯಾಸ್, 12 ವೋಲ್ಟ್ ಮತ್ತು ಮನೆ ಕರೆಂಟ್ ಮೂರರಲ್ಲೂ ನಡೆಯುವ ಫ್ರಿಜ್. ವಿದೇಶಗಳಲ್ಲಿ ಕ್ಯಾರವಾನ್‌ಗಳಲ್ಲಿ ಜಾಸ್ತಿ ಕಾಣುತ್ತದೆ. ಕಂಪ್ರೆಸರೇ ಇಲ್ಲ, ಆದ್ದರಿಂದ ಶುರುವಿನ ಎಳೆತವೂ ಇಲ್ಲ. ಆದರೆ ಕರೆಂಟ್‌ನಲ್ಲಿ ಹಾಕಿದರೆ 100 ವ್ಯಾಟ್‌ಗಿಂತ ಜಾಸ್ತಿಯನ್ನು ಹೆಚ್ಚು ಕಡಿಮೆ ಬಿಡದೇ ಕುಡಿಯುತ್ತದೆ. ನೆಲ ಸಮತಟ್ಟಾಗಿಲ್ಲದಿದ್ದರೆ ಸರಿಯಾಗಿ ತಣಿಯುವುದೂ ಇಲ್ಲ. ಇದನ್ನು ಗ್ಯಾಸ್‌ನಲ್ಲೇ ನಡೆಸಿ, ಅದೂ ಗಾಳಿ ಚೆನ್ನಾಗಿ ಆಡುವ ಕಡೆ.

2. ಎರಡು ಲೆಕ್ಕ, ಒಂದು ಚೀಟಿ

ಫ್ರಿಜ್ ಬಾಗಿಲ ಮೇಲಿನ ಸ್ಟಾರ್ ಸ್ಟಿಕ್ಕರ್ ಅನ್ನು ಕಿತ್ತು ಬಿಸಾಡಿಲ್ಲ ತಾನೇ? ಅದರಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ. ಉದಾಹರಣೆಗೆ 180 ಯೂನಿಟ್ ಎಂದು ಇಟ್ಟುಕೊಳ್ಳಿ. 365ರಿಂದ ಭಾಗಿಸಿದರೆ ದಿನಕ್ಕೆ ಸುಮಾರು ಅರ್ಧ ಯೂನಿಟ್, ಅಂದರೆ 500 ವ್ಯಾಟ್-ಅವರ್. ಓಡುವಾಗ 100 ವ್ಯಾಟ್ ತೆಗೆದುಕೊಳ್ಳುವ ಫ್ರಿಜ್‌ಗೆ ಇದು ಬರೀ ಐದು ಗಂಟೆಯ ಕೆಲಸ. ಇಡೀ ದಿನದಲ್ಲಿ ಕಂಪ್ರೆಸರ್ ನಿಜವಾಗಿ ತಿರುಗುವುದು ಅಷ್ಟೇ ಹೊತ್ತು! ಬೇಸಿಗೆಯಲ್ಲಿ, ಮಕ್ಕಳು ಪದೇ ಪದೇ ಬಾಗಿಲು ತೆಗೆಯುವ ಕ್ಯಾಂಪಿನಲ್ಲಿ ಇದು ಏಳೆಂಟು ಗಂಟೆಗೆ ಏರಬಹುದು. ಡಿಸೆಂಬರ್‌ನ ಮಲೆನಾಡಿನಲ್ಲಿ ಐದಕ್ಕೂ ಕಡಿಮೆ.

ಇದು ಮೊದಲ ಲೆಕ್ಕ. ಜನರೇಟರ್ ಎಷ್ಟು ಹೊತ್ತು ಓಡಬೇಕು, ಎಷ್ಟು ಪೆಟ್ರೋಲ್ ಬೇಕು ಎಂದು ಇದು ಹೇಳುತ್ತದೆ.

ಎರಡನೆಯದು ಶುರುವಿನ ಲೆಕ್ಕ. ಫ್ರಿಜ್ ಹಿಂಬದಿಯಲ್ಲಿ, ಕಂಪ್ರೆಸರ್ ಹತ್ತಿರ ಒಂದು ಪಟ್ಟಿ ಅಂಟಿಸಿರುತ್ತಾರೆ. ಅಲ್ಲಿ ಆಂಪಿಯರ್ ನೋಡಿ. 0.8 ಎಂದಿದ್ದರೆ 230 ವೋಲ್ಟ್‌ನಿಂದ ಗುಣಿಸಿ, 184 ಬರುತ್ತದೆ. ಹಳೇ ಮಾದರಿಯ ಕಂಪ್ರೆಸರ್ ಆದರೆ ಅದನ್ನು 5 ಅಥವಾ 6ರಿಂದ ಗುಣಿಸಿ. 900ರಿಂದ 1,100. ನಿಮ್ಮ ಜನರೇಟರ್ ಒಂದು ಕ್ಷಣ ಇಷ್ಟನ್ನು ತಡೆದುಕೊಳ್ಳಬೇಕು. ಪರಿಚಯದ ಎಲೆಕ್ಟ್ರಿಷಿಯನ್ ಬಳಿ ಶುರುವಿನ ಕರೆಂಟ್ ಹಿಡಿದು ತೋರಿಸುವ ಕ್ಲ್ಯಾಂಪ್ ಮೀಟರ್ ಇದ್ದರೆ ಇನ್ನೂ ಒಳ್ಳೆಯದು, ಊಹೆ ಮಾಡುವ ಗೊಡವೆಯೇ ಇರುವುದಿಲ್ಲ.

ಈಗ ಫ್ರಿಜ್ ಜೊತೆ ಬೇರೆ ಏನು ಹಾಕುತ್ತೀರಿ ಎಂದು ಒಂದು ಚೀಟಿಯಲ್ಲಿ ಬರೆಯಿರಿ. ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ಫ್ಯಾನ್ ಲೆಕ್ಕಕ್ಕೇ ಬರುವಂಥವಲ್ಲ. ಮಿಕ್ಸಿ 500ರಿಂದ 750 ವ್ಯಾಟ್. ಚಟ್ನಿ ರುಬ್ಬುವಾಗ ಫ್ರಿಜ್ ಪ್ಲಗ್ ತೆಗೆದಿಡಿ, ಆಮೇಲೆ ಹಾಕಿ. ಎಲೆಕ್ಟ್ರಿಕ್ ಕೆಟಲ್, ಇಂಡಕ್ಷನ್ ಒಲೆ, ನೀರು ಕಾಯಿಸುವ ಕಾಯಿಲ್ ಮಾತ್ರ ಬೇಡವೇ ಬೇಡ. ಒಂದೊಂದೂ 1,000ದಿಂದ 2,000 ವ್ಯಾಟ್. ಇವುಗಳ ಆಸೆಗೆ ಬಿದ್ದವರು ಎರಡರಷ್ಟು ತೂಕದ ಜನರೇಟರ್ ಹೊರುತ್ತಾರೆ. ಕಾಫಿಗೆ ಗ್ಯಾಸ್ ಒಲೆ ಇದೆ.

ಎರಡು ಫ್ರಿಜ್ ಒಯ್ಯುವವರು ಎರಡರ ಶುರುವಿನ ಲೆಕ್ಕವನ್ನೂ ಕೂಡಿಸಬೇಕಿಲ್ಲ. ಮೊದಲನೆಯದನ್ನು ಹಾಕಿ, ಅದು ಓಡಲು ಶುರುವಾದ ಮೇಲೆ ಎರಡನೆಯದನ್ನು ಹಾಕಿ. ಒಂದರ ಓಟ ಮತ್ತು ಇನ್ನೊಂದರ ಶುರು ಸೇರಿಸಿದರೆ ಸಾಕು. ಆದರೂ ಅವು ಆಫ್ ಆಗಿ ಮತ್ತೆ ಒಟ್ಟಿಗೇ ಆನ್ ಆಗುವ ಸಾಧ್ಯತೆ ಇದ್ದೇ ಇದೆ. ಹಾಗಾಗಿ ಹಳೇ ಫ್ರಿಜ್ ಎರಡಿದ್ದರೆ 2 ಕೆವಿಎಗಿಂತ ಕಡಿಮೆಗೆ ಹೋಗಬೇಡಿ.

3. ನಿಜವಾಗಿ ಜನರೇಟರ್ ಬೇಕಾ?

ಜನರೇಟರ್ ಬಗ್ಗೆ ಬರೆಯುತ್ತಾ ಇದನ್ನು ಕೇಳುವುದು ವಿಚಿತ್ರ ಎನಿಸಬಹುದು. ಆದರೆ ಕಾಡಿನ ಮೌನಕ್ಕೆ ಎಂಜಿನ್ ಒಂದನ್ನು ಒಯ್ಯುವ ಮೊದಲು ಎಲ್ಲರೂ ಕೇಳಿಕೊಳ್ಳಲೇಬೇಕಾದ ಪ್ರಶ್ನೆ ಇದು.

12 ವೋಲ್ಟ್ ಫ್ರಿಜ್ ದಿನಕ್ಕೆ ಸುಮಾರು 400 ವ್ಯಾಟ್-ಅವರ್ ತಿನ್ನುತ್ತದೆ ಎಂದುಕೊಳ್ಳಿ. 12 ವೋಲ್ಟ್, 100 ಎಎಚ್‌ನ (ಆಂಪಿಯರ್-ಅವರ್) ಲಿಥಿಯಂ ಬ್ಯಾಟರಿ ಒಂದರಲ್ಲಿ ಸುಮಾರು 1,280 ವ್ಯಾಟ್-ಅವರ್ ಇರುತ್ತದೆ. ಶುಕ್ರವಾರ ಹೊರಟು ಭಾನುವಾರ ವಾಪಸ್ ಬರುವವರಿಗೆ ಅಷ್ಟೇ ಸಾಕು. ಸದ್ದಿಲ್ಲ, ಹೊಗೆ ಇಲ್ಲ. ಪವರ್ ಸ್ಟೇಷನ್ ಎಂದು ಮಾರುವ ಪೆಟ್ಟಿಗೆಗಳೂ ಇದೇ ತತ್ವದವು. ಕೊಳ್ಳುವಾಗ ಪ್ಯೂರ್ ಸೈನ್ ವೇವ್ (ಮನೆ ಕರೆಂಟಿನ ಹಾಗೆ ನಯವಾಗಿ ಏರಿಳಿಯುವ ಕರೆಂಟ್) ಎಂದು ಬರೆದಿದೆಯಾ ನೋಡಿ. ಮನೆ ಫ್ರಿಜ್‌ಗೆ ಬಳಸುವುದಾದರೆ ಕ್ಷಣಕಾಲದ ಎಳೆತ ಎಷ್ಟು ತಡೆಯುತ್ತದೆ ಎಂದೂ ನೋಡಿ.

ಸೋಲಾರ್? ಬಯಲುಸೀಮೆಯ ಹೊಲದಲ್ಲಿ, ಕೆರೆ ದಂಡೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಕಾಫಿ ತೋಟದ ನೆರಳಿನಲ್ಲಿ ನಡೆಯುವುದಿಲ್ಲ. ಸಿಲ್ವರ್ ಓಕ್ ಕೆಳಗೆ ಫಲಕ ಹಾಸಿ ಕೂತಿದ್ದ ಗೆಳೆಯರಿಗೆ ಮಧ್ಯಾಹ್ನವಿಡೀ ಫಲಕ ಜರುಗಿಸುವುದೇ ಕೆಲಸವಾಗಿತ್ತು.

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಮಾತು ಬೇರೆ. ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಕಾಲಿಡುವಂತೆಯೇ ಇಲ್ಲ, ಟೆಂಟ್ ಮತ್ತು ಜನರೇಟರ್ ದೂರದ ಮಾತು. ನಾನು ಹೇಳುತ್ತಿರುವುದೆಲ್ಲ ಸ್ವಂತ ಅಥವಾ ಪರಿಚಯದವರ ತೋಟ, ಹೊಲ, ಒಪ್ಪಿಗೆ ಇರುವ ಖಾಸಗಿ ಜಾಗಗಳಿಗೆ.

ಮನೆ ಫ್ರಿಜ್ಜೇ ಬೇಕು, ಜನ ಜಾಸ್ತಿ, ಮೂರು ದಿನಕ್ಕಿಂತ ಹೆಚ್ಚು, ಮೇಲೆ ನೆರಳು. ಹೀಗಿದ್ದರೆ ಜನರೇಟರ್ ಬೇಕು. ಮುಂದೆ ಓದಿ.

4. ಯಾವ ಥರದ ಜನರೇಟರ್

ಮೊದಲೆಲ್ಲ ಕರೆಂಟ್ ಹೋದಾಗ ಅಂಗಡಿ ಮುಂದೆ ಗಡಗಡ ಎನ್ನುತ್ತಿದ್ದ ಜನರೇಟರ್‌ಗಳು ನೆನಪಿವೆಯಾ? ಅವು ಹಳೇ ಪದ್ಧತಿಯವು. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್. ಅದನ್ನು ಕಾಪಾಡಲು ಈ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಲೇ ಇರಬೇಕು. ಒಂದು ಬಲ್ಬ್ ಉರಿಯುತ್ತಿದ್ದರೂ 3,000, ಫುಲ್ ಲೋಡ್ ಇದ್ದರೂ 3,000. ಅದಕ್ಕೇ ಅಷ್ಟು ಸದ್ದು, ಅಷ್ಟು ಪೆಟ್ರೋಲ್.

ಇನ್ವರ್ಟರ್ ಜನರೇಟರ್ ಹಾಗಲ್ಲ. ಎಂಜಿನ್ ಹುಟ್ಟಿಸಿದ ಕರೆಂಟ್ ಅನ್ನು ಮೊದಲು ಡಿಸಿ ಮಾಡಿ, ಮತ್ತೆ ಎಲೆಕ್ಟ್ರಾನಿಕ್ ಬೋರ್ಡ್ ಮೂಲಕ ಶುದ್ಧವಾದ 230 ವೋಲ್ಟ್, 50 ಹರ್ಟ್ಸ್ ಎಸಿ ಮಾಡುತ್ತದೆ. ಹಾಗಾಗಿ ಎಂಜಿನ್ ಯಾವ ವೇಗದಲ್ಲಿ ತಿರುಗಿದರೂ ನಡೆಯುತ್ತದೆ. ಲೋಡ್ ಕಮ್ಮಿ ಇದ್ದಾಗ ಮೆಲ್ಲಗೆ ಗುಂಯ್‌ಗುಡುತ್ತದೆ, ಜಾಸ್ತಿಯಾದಾಗ ವೇಗ ಏರಿಸಿಕೊಳ್ಳುತ್ತದೆ. ಫ್ರಿಜ್ ದಿನದ ಬಹುಪಾಲು ಸುಮ್ಮನಿರುವ ವಸ್ತು, ಹಾಗಾಗಿ ಈ ಗುಣ ಅದಕ್ಕೆ ಹೇಳಿ ಮಾಡಿಸಿದಂತಿದೆ. ಹೊಸ ಫ್ರಿಜ್‌ಗಳ ಒಳಗಿರುವ ಸೂಕ್ಷ್ಮ ಬೋರ್ಡ್‌ಗೂ ಈ ಶುದ್ಧ ಕರೆಂಟ್ ಒಳ್ಳೆಯದು.

ಕ್ಯಾಂಪಿಂಗ್‌ಗೆ ಇನ್ವರ್ಟರ್ ಜನರೇಟರ್ ಬಿಟ್ಟು ಬೇರೆಯದನ್ನು ನಾನು ಹೇಳುವುದಿಲ್ಲ. ಬೆಲೆ ಜಾಸ್ತಿ, ನಿಜ. ಪೆಟ್ರೋಲ್ ಲೆಕ್ಕ ನೋಡಿ. ಕಡಿಮೆ ಲೋಡ್‌ನಲ್ಲಿ 2 ಕೆವಿಎ ಇನ್ವರ್ಟರ್ ಜನರೇಟರ್ ಗಂಟೆಗೆ ಅಂದಾಜು ಅರ್ಧ ಲೀಟರ್ ಒಳಗೇ ಇರುತ್ತದೆ, 1 ಕೆವಿಎ ಆದರೆ ಇನ್ನೂ ಕಡಿಮೆ. ಹಳೇ ಪದ್ಧತಿಯದು ಅದೇ ಕೆಲಸಕ್ಕೆ ಎರಡು ಪಟ್ಟಿನ ಹತ್ತಿರ ಕುಡಿಯುತ್ತದೆ. ಇನ್ನು ಸದ್ದು. ಒಳ್ಳೇ ಇನ್ವರ್ಟರ್ ಜನರೇಟರ್ 7 ಮೀಟರ್ ದೂರದಲ್ಲಿ 50ರಿಂದ 60 ಡೆಸಿಬಲ್, ಅಂದರೆ ಇಬ್ಬರು ಮಾತಾಡಿಕೊಂಡಷ್ಟು. ಅಷ್ಟು ದೂರದಲ್ಲಿ ದನಿ ಏರಿಸದೆ ಹರಟೆ ಹೊಡೆಯಬಹುದು.

ಕೊಳ್ಳುವಾಗ ಒಂದು ಮೋಸ ನೋಡಿಕೊಳ್ಳಿ. ಹೊರಗಿನ ಕವಚ ಮಾತ್ರ ಚೆಂದ ಮಾಡಿ ಒಳಗೆ ಹಳೇ ಯಂತ್ರವನ್ನೇ ಇಟ್ಟ ಮಾಲು ಸಿಗುತ್ತದೆ. ಅಂಗಡಿಯಲ್ಲೇ ಸ್ಟಾರ್ಟ್ ಮಾಡಿಸಿ. ಲೋಡ್‌ಗೆ ತಕ್ಕಂತೆ ಎಂಜಿನ್ ವೇಗ ಬದಲಿಸುವ ಇಕೋ ಸ್ವಿಚ್ ಹಾಕಿಸಿ, ಒಂದು ಇಸ್ತ್ರಿ ಪೆಟ್ಟಿಗೆ ಸಿಕ್ಕಿಸಿ. ಎಂಜಿನ್ ವೇಗ ಏರಿತು, ತೆಗೆದಾಗ ಇಳಿಯಿತು ಎಂದರೆ ಇನ್ವರ್ಟರ್. ಒಂದೇ ಸಮ ಕಿರುಚುತ್ತಿದ್ದರೆ ಅಲ್ಲ.

ಡೀಸೆಲ್ ಜನರೇಟರ್ ತೂಕ ನೋಡಿಯೇ ಬಿಟ್ಟುಬಿಡಿ. ಗ್ಯಾಸ್‌ನಲ್ಲೂ ಪೆಟ್ರೋಲ್‌ನಲ್ಲೂ ನಡೆಯುವವು ಇವೆ, ಆದರೆ ಅಡುಗೆಗೆಂದು ಕೊಟ್ಟ ಮನೆ ಸಿಲಿಂಡರ್ ಅನ್ನು ಇದಕ್ಕೆ ಹಾಕಬೇಡಿ. ಅಮೆರಿಕದಲ್ಲಿರುವ ಅಣ್ಣನೋ ಅಕ್ಕನೋ ಅಲ್ಲಿಂದ ಕಳಿಸುತ್ತೇನೆ ಎಂದರೂ ಬೇಡ ಎನ್ನಿ. ಅಲ್ಲಿಯದು 120 ವೋಲ್ಟ್, 60 ಹರ್ಟ್ಸ್. ನಮ್ಮ ಫ್ರಿಜ್‌ಗೆ ಆಗಿಬರುವುದಿಲ್ಲ.

5. ಎಷ್ಟು ಕೆವಿಎ: ಬೆಟ್ಟದ ಪಾಲು ಕಳೆಯಿರಿ

ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆದ ಅಂಕಿ ಸಾಮಾನ್ಯವಾಗಿ ಗರಿಷ್ಠ ಶಕ್ತಿ. ಸ್ವಲ್ಪ ಹೊತ್ತು ಮಾತ್ರ ಕೊಡಬಲ್ಲದ್ದು. ಕೆಳಗೆ ಸಣ್ಣ ಅಕ್ಷರದಲ್ಲಿ ರೇಟೆಡ್ ಎಂದು ಇರುತ್ತದೆ. ಗಂಟೆಗಟ್ಟಲೆ ಕೊಡಬಲ್ಲದ್ದು ಅದು. ನಮ್ಮ 1 ಕೆವಿಎ ಯಂತ್ರದ ರೇಟೆಡ್ 900 ವ್ಯಾಟ್ ಇತ್ತು.

ಅದರಲ್ಲೂ ಬೆಟ್ಟ ತನ್ನ ಪಾಲು ತೆಗೆದುಕೊಳ್ಳುತ್ತದೆ. ಮೇಲೆ ಹೋದಂತೆ ಗಾಳಿ ತೆಳು, ಎಂಜಿನ್‌ಗೆ ಉಸಿರು ಕಮ್ಮಿ. ಪ್ರತಿ 300 ಮೀಟರ್‌ಗೆ ಸುಮಾರು 3.5 ಶೇಕಡಾ ಶಕ್ತಿ ಇಳಿಯುತ್ತದೆ. ಸಕಲೇಶಪುರ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್. ಅಲ್ಲಿಗೆ 11 ಶೇಕಡಾ ಹೋಯಿತು, ರೇಟೆಡ್ 900 ಇದ್ದದ್ದು 800 ಆಯಿತು, ಗರಿಷ್ಠ 1,000 ಇದ್ದದ್ದು 890 ಆಯಿತು. 2ನೇ ಭಾಗದ ಶುರುವಿನ ಲೆಕ್ಕದಂತೆ ಫ್ರಿಜ್ ಕೇಳಿದ್ದು ಸಾವಿರದ ಹತ್ತಿರ. ಆ ಟಕ್ ಸದ್ದಿಗೆ ಕಾರಣ ಈಗ ಗೊತ್ತಾಯಿತಲ್ವಾ? ಬೆಂಗಳೂರಿನ ಮನೆಯಲ್ಲೇ ಹಾಕಿ ನೋಡಿದ್ದರೆ ನಮಗೆ ಅಲ್ಲೇ ತಿಳಿದಿರುತ್ತಿತ್ತು, ಏಕೆಂದರೆ ಬೆಂಗಳೂರೂ ಹೆಚ್ಚು ಕಡಿಮೆ ಅಷ್ಟೇ ಎತ್ತರದಲ್ಲಿದೆ. ಹೊಸ ಜನರೇಟರ್ ಅನ್ನು ಹೊರಡುವ ಹಿಂದಿನ ವಾರ ಮನೆ ಮುಂದೆ ಇಟ್ಟು, ಅದೇ ಫ್ರಿಜ್ ಸಿಕ್ಕಿಸಿ ಎರಡು ಗಂಟೆ ಓಡಿಸಿ.

1,930 ಮೀಟರ್‌ನ ಮುಳ್ಳಯ್ಯನಗಿರಿ ಸೀಮೆಯ ತೋಟಗಳಿಗೆ ಹೋಗುವವರು 15ರಿಂದ 20 ಶೇಕಡಾ ಕಳೆದುಕೊಳ್ಳಿ. ಲಡಾಖ್‌ಗೆ ಕಾರಿನಲ್ಲಿ ಹೋಗುವ ಕನ್ನಡದ ಹುಡುಗರು ಜಾಸ್ತಿಯಾಗಿದ್ದಾರೆ. ಲೇಹ್ ಇರುವುದು 3,500 ಮೀಟರ್‌ನಲ್ಲಿ. ಅಲ್ಲಿ 40 ಶೇಕಡಾ ಮಾಯ. ಅಲ್ಲಿಗೆ ಬ್ಯಾಟರಿಯೇ ವಾಸಿ.

ನನ್ನ ತೀರ್ಮಾನ ಇಷ್ಟು. ಇನ್ವರ್ಟರ್ ಕಂಪ್ರೆಸರ್ ಫ್ರಿಜ್ ಒಂದೇ ಇದ್ದರೆ 1 ಕೆವಿಎ ಸಾಕು, ಸುಮಾರು 13 ಕೆಜಿ ತೂಕ, ಒಂದೇ ಕೈಯಲ್ಲಿ ಎತ್ತಬಹುದು. ಹಳೇ ಫ್ರಿಜ್ ಇದ್ದರೆ, ಅಥವಾ ಎರಡು ಫ್ರಿಜ್ ಇದ್ದರೆ 2 ಕೆವಿಎ, ಸುಮಾರು 21 ಕೆಜಿ. ಅದಕ್ಕಿಂತ ದೊಡ್ಡದು ಕ್ಯಾಂಪಿಂಗ್‌ಗೆ ಹೊರೆ. ವರ್ಷಕ್ಕೆ ಒಂದೇ ಸಲ ಹೋಗುವವರು ಕೊಳ್ಳುವ ಮೊದಲು ಬಾಡಿಗೆಗೆ ಸಿಗುತ್ತದಾ ವಿಚಾರಿಸಿ.

ಆರಿಸುವಾಗ ಇನ್ನು ಮೂರು ನೋಡಿ. ಆಯಿಲ್ ಕಮ್ಮಿಯಾದರೆ ತಾನೇ ನಿಲ್ಲುವ ವ್ಯವಸ್ಥೆ ಇರಬೇಕು. ಪೆಟ್ರೋಲ್ ಬಂದ್ ಮಾಡುವ ಕಾಕ್ ಇರಬೇಕು. ನಿಮ್ಮ ಊರಿನ ಆಸುಪಾಸಿನಲ್ಲಿ ಸರ್ವಿಸ್ ಸಿಗಬೇಕು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಬಿಡಿಭಾಗ ಸಿಗದ ಅಗ್ಗದ ಯಂತ್ರ ಎರಡನೇ ವರ್ಷ ಗುಜರಿಗೆ ಹೋಗುತ್ತದೆ.

6. ಎಲ್ಲಿ ಇಡಬೇಕು: ಇದನ್ನು ಮಾತ್ರ ಎರಡು ಸಲ ಓದಿ

ಜನರೇಟರ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದ್ದವರು ಏಳುವುದೇ ಇಲ್ಲ. ತಲೆನೋವು, ತಲೆ ಸುತ್ತು, ವಾಂತಿ ಬರುವಂತಾಗುವುದು ಇದರ ಮೊದಲ ಲಕ್ಷಣ. ಬೆಟ್ಟ ಹತ್ತಿದ ಸುಸ್ತು ಎಂದು ಕಡೆಗಣಿಸಿಬಿಡುತ್ತೇವೆ. ಟೆಂಟ್ ಒಳಗೆ, ಟೆಂಟಿನ ಜಗುಲಿಯಲ್ಲಿ, ವ್ಯಾನ್ ಒಳಗೆ, ಬಾಗಿಲು ತೆರೆದಿಟ್ಟ ಶೆಡ್‌ನಲ್ಲಿ, ಎಲ್ಲೂ ಓಡಿಸಬೇಡಿ. ಮಳೆ ಬಂತು ಅಂತ ಕೂಡ ಒಳಗೆ ತರಬೇಡಿ. ಟೆಂಟಿನಿಂದ ಕನಿಷ್ಠ 6 ಮೀಟರ್ ದೂರ, ಆದರೆ ಅದರ ಮೂರ್ನಾಲ್ಕು ಪಟ್ಟು ಇಟ್ಟರೆ ಒಳ್ಳೆಯದು. ಸೈಲೆನ್ಸರ್ ಬಾಯಿ ಆಚೆ ಕಡೆಗಿರಲಿ. ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಟೆಂಟ್ ಒಳಗೆ ಇಡಿ.

ಗಾಳಿ ಯಾವ ಕಡೆ? ನಾವು ಒಂದು ಊದಿನಕಡ್ಡಿ ಹಚ್ಚಿ ಟೆಂಟ್ ಬಾಗಿಲಲ್ಲಿ ಸಿಕ್ಕಿಸುತ್ತೇವೆ. ಹೊಗೆ ಎಳೆ ಎತ್ತ ಬಾಗುತ್ತದೆಯೋ ಅತ್ತ ಜನರೇಟರ್. ಮಧ್ಯಾಹ್ನ ಒಮ್ಮೆ ನೋಡಿದರೆ ಸಾಲದು, ಕತ್ತಲಾದ ಮೇಲೆ ಮತ್ತೊಮ್ಮೆ ನೋಡಬೇಕು. ಬೆಟ್ಟದ ಜಾಗಗಳಲ್ಲಿ ಹಗಲು ಬಿಸಿಯಾದ ಗಾಳಿ ಇಳಿಜಾರು ಹತ್ತುತ್ತದೆ, ಸಂಜೆ ನೆಲ ತಣ್ಣಗಾದ ಮೇಲೆ ಅದೇ ಗಾಳಿ ಕೆಳಗಿಳಿಯುತ್ತದೆ. ಒಂದು ಸಂಜೆ ಏಳರ ಹೊತ್ತಿಗೆ ನಮ್ಮ ಊದಿನಕಡ್ಡಿಯ ಹೊಗೆ ಕಣ್ಣೆದುರೇ ಒಂದು ಕ್ಷಣ ನೆಟ್ಟಗೆ ನಿಂತು, ಆಮೇಲೆ ಮೆಲ್ಲಗೆ ಎದುರು ದಿಕ್ಕಿಗೆ ವಾಲಿತು. ಮಧ್ಯಾಹ್ನ ಸುರಕ್ಷಿತವಾಗಿದ್ದ, ಟೆಂಟಿಗಿಂತ ಮೇಲಿನ ಜಾಗ ರಾತ್ರಿಗೆ ಅಪಾಯದ ಜಾಗವಾಗಿತ್ತು. ತಕ್ಷಣ ಆಫ್ ಮಾಡಿ ಪಕ್ಕದ ಮಗ್ಗುಲಿಗೆ ಸರಿಸಿದೆವು.

ದೂರ ಇಟ್ಟರೆ ಸದ್ದೂ ತಗ್ಗುತ್ತದೆ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬಲ್ ಇಳಿಯುತ್ತದೆ. 7 ಮೀಟರ್‌ನಲ್ಲಿ 58 ಇದ್ದದ್ದು 14ರಲ್ಲಿ 52, 28ರಲ್ಲಿ 46. ವಾಸದ ಪ್ರದೇಶಕ್ಕೆ ನಮ್ಮ ದೇಶದ ನಿಯಮ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್. ತೋಟದ ಲೈನ್ ಮನೆಗಳಲ್ಲಿ ಬೆಳಗಾಗೆದ್ದು ಕೆಲಸಕ್ಕೆ ಹೋಗುವವರು ಮಲಗಿರುತ್ತಾರೆ. 10ಕ್ಕೆ ಆಫ್ ಮಾಡಿಬಿಡಿ.

ಮಳೆಗೆ ಮರೆಯಾಗಿ ನಾಲ್ಕು ಗೂಟ ನೆಟ್ಟು ಮೇಲೆ ಟಾರ್ಪಾಲು ಕಟ್ಟಿ. ನಾಲ್ಕೂ ಕಡೆ ತೆರೆದಿರಬೇಕು, ಎತ್ತರ ಆಳುದ್ದ ಇರಬೇಕು. ಕೆಳಗೆ ಒಣ ಹಲಗೆ ಹಾಕಿ. ತರಗೆಲೆ ಗುಡಿಸಿ ತೆಗೆಯಿರಿ, ಸೈಲೆನ್ಸರ್ ವಿಪರೀತ ಕಾಯುತ್ತದೆ.

7. ವೈರು

ದೂರ ಇಟ್ಟ ಮೇಲೆ ವೈರು ಮುಖ್ಯ. 30 ಮೀಟರ್‌ಗೆ 1.5 ಚದರ ಮಿಲಿಮೀಟರ್‌ನ ತ್ರೀ ಕೋರ್ ತಾಮ್ರದ ವೈರು ತೆಗೆದುಕೊಳ್ಳಿ. ಫ್ರಿಜ್ ಶುರುವಾಗುವಾಗ ಇದರಲ್ಲಿ ನಾಲ್ಕೈದು ವೋಲ್ಟ್ ಮಾತ್ರ ಕಳೆದುಹೋಗುತ್ತದೆ. ಸಾಮಾನ್ಯ ಎಕ್ಸ್‌ಟೆನ್ಷನ್ ಬೋರ್ಡ್‌ನ ತೆಳು ವೈರಿನಲ್ಲಿ ಅದರ ಮೂರು ಪಟ್ಟು. ಮೊದಲೇ ಮುಕ್ಕರಿಯುತ್ತಿರುವ ಜನರೇಟರ್‌ಗೆ ಅದೇ ಸೋಲು. ಸುತ್ತಿಟ್ಟ ವೈರನ್ನು ಪೂರ್ತಿ ಬಿಚ್ಚಿ ಹಾಸಿ, ಇಲ್ಲದಿದ್ದರೆ ಕಾಯುತ್ತದೆ. ಜೋಡಣೆಗಳು ನೆಲದ ಮೇಲಿರದೆ ಕೊಂಬೆಗೆ ಕಟ್ಟಿರಲಿ. ಅರ್ತಿಂಗ್ ಬಗ್ಗೆ ಯಂತ್ರದ ಪುಸ್ತಕ ಏನು ಹೇಳುತ್ತದೋ ಹಾಗೇ ಮಾಡಿ. ತೋಟದ ಮನೆಯ ಸಾಕೆಟ್‌ಗೆ ಜನರೇಟರ್ ವೈರು ಸಿಕ್ಕಿಸಿ ಇಡೀ ಮನೆಗೆ ಕರೆಂಟ್ ಕೊಡುವ ಸಾಹಸ ಖಂಡಿತ ಬೇಡ. ಆ ಕರೆಂಟ್ ಹೊರಗಿನ ಲೈನಿಗೆ ಹೋದರೆ ಕಂಬದ ಮೇಲಿರುವ ಲೈನ್‌ಮನ್ ಜೀವಕ್ಕೇ ಕುತ್ತು.

8. ಪೆಟ್ರೋಲ್ ಮತ್ತು ಆಯಿಲ್

ಹೊಸ ಜನರೇಟರ್ ಸಾಮಾನ್ಯವಾಗಿ ಆಯಿಲ್ ಇಲ್ಲದೆ ಬರುತ್ತದೆ. ಹಾಕದೆ ಹಗ್ಗ ಎಳೆಯಬೇಡಿ. ಮೊದಲ 20 ಗಂಟೆ ಓಡಿದ ಮೇಲೆ ಬದಲಿಸಿ, ಆಮೇಲೆ ಸುಮಾರು 100 ಗಂಟೆಗೊಮ್ಮೆ.

ದಿನಕ್ಕೆ ಐದೂವರೆ ಗಂಟೆ ಓಡಿಸಿದರೆ 2 ಕೆವಿಎಗೆ ಎರಡೂವರೆ ಲೀಟರ್, ನಾಲ್ಕು ದಿನಕ್ಕೆ 10 ಲೀಟರ್. ಅಷ್ಟನ್ನೂ ಒಟ್ಟಿಗೆ ಕಾರಿನಲ್ಲಿ ಹೊರುವುದಕ್ಕಿಂತ ಎರಡು ದಿನಕ್ಕೊಮ್ಮೆ ಪೇಟೆಗೆ ಹೋಗಿ ತರುವುದು ಲೇಸು. ನೀರಿನ ಬಾಟಲಿ, ಪ್ಲಾಸ್ಟಿಕ್ ಕ್ಯಾನ್ ಬೇಡ. ಎಷ್ಟೋ ಬಂಕ್‌ಗಳಲ್ಲಿ ಅದಕ್ಕೆ ಹಾಕುವುದೂ ಇಲ್ಲ. ಪೆಟ್ರೋಲ್‌ಗೆಂದೇ ಮಾಡಿದ ಲೋಹದ ಕ್ಯಾನ್ ಇಟ್ಟುಕೊಳ್ಳಿ, ಡಬ್ಬಿಯನ್ನು ನೆಲದ ಮೇಲಿಟ್ಟು ತುಂಬಿಸಿ. ಕ್ಯಾಂಪಿನಲ್ಲಿ ಜನರೇಟರ್‌ಗೆ ಹಾಕುವಾಗ ಎಂಜಿನ್ ಆಫ್ ಮಾಡಿ ಕಾಲು ಗಂಟೆ ತಣ್ಣಗಾಗಲು ಬಿಡಿ.

ಈಗ ಬಂಕ್‌ಗಳಲ್ಲಿ ಸಿಗುವುದು 20 ಶೇಕಡಾ ಎಥೆನಾಲ್ ಬೆರೆತ ಇ20. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ನಿಮ್ಮ ಯಂತ್ರಕ್ಕೆ ಎಷ್ಟು ಶೇಕಡಾ ಎಥೆನಾಲ್ ಆಗಬಹುದು ಎಂದು ಪುಸ್ತಕದಲ್ಲಿ ಬರೆದಿರುತ್ತದೆ, ಕೊಳ್ಳುವ ಮೊದಲೇ ಕೇಳಿ. ಹಳೇ ಸೆಕೆಂಡ್ ಹ್ಯಾಂಡ್ ಯಂತ್ರ ಕೊಳ್ಳುವವರು ಇದನ್ನು ಮರೆಯುತ್ತಾರೆ.

9. ಓಡಿಸುವ ಕ್ರಮ

ಫ್ರಿಜ್ ಅನ್ನು ನಿಲ್ಲಿಸಿಯೇ ಸಾಗಿಸಿ. ಮಲಗಿಸಿ ತಂದಿದ್ದರೆ ನಿಲ್ಲಿಸಿ ಕೆಲವು ಗಂಟೆ ಬಿಡಿ, ಕಂಪ್ರೆಸರ್ ಆಯಿಲ್ ವಾಪಸ್ ಇಳಿಯಬೇಕು. ಒಳಗೆ ಇಡುವುದೆಲ್ಲ ಮನೆಯಲ್ಲೇ ತಣ್ಣಗಾಗಿರಲಿ. ಬಿಸಿ ಹಾಲು, ಬಿಸಿ ಸಾರು ಇಟ್ಟರೆ ಪೆಟ್ರೋಲ್ ಸುಟ್ಟು ತಣಿಸಬೇಕಾಗುತ್ತದೆ.

ಹೊರಡುವ ಮೂರು ದಿನ ಮೊದಲೇ ಲೀಟರ್ ಬಾಟಲಿಗಳಲ್ಲಿ ನೀರು ತುಂಬಿ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ. ಕುತ್ತಿಗೆವರೆಗೆ ತುಂಬಬೇಡಿ, ಒಡೆಯುತ್ತದೆ. ರಾತ್ರಿ ಜನರೇಟರ್ ಆಫ್ ಮಾಡಿದಾಗ ನಾಲ್ಕು ಬಾಟಲಿಯನ್ನು ಕೆಳಗಿನ ತಟ್ಟೆಗಳಿಗೆ ಇಳಿಸಿ. ನಾಲ್ಕು ಲೀಟರ್ ಐಸ್ ಕರಗುತ್ತಾ ಇಡೀ ರಾತ್ರಿ ಫ್ರಿಜ್ ಅನ್ನು ತಂಪಾಗಿಡುತ್ತದೆ. ಸಣ್ಣ ಫ್ರಿಜ್ ಅವನ್ನೆಲ್ಲ ಮರುದಿನದೊಳಗೆ ಪೂರ್ತಿ ಗಟ್ಟಿ ಮಾಡಲಾರದು. ಆದ್ದರಿಂದ ಎಂಟು ಬಾಟಲಿ ಒಯ್ಯಿರಿ, ಫ್ರೀಜರ್‌ನಲ್ಲಿ ಹಿಡಿಸದಿದ್ದರೆ ಥರ್ಮಾಕೋಲ್ ಡಬ್ಬಿಯಲ್ಲಿಡಿ.

ಬೆಳಿಗ್ಗೆ ಏಳರಿಂದ ಎರಡೂವರೆ ಗಂಟೆ, ಸಂಜೆ ಆರೂವರೆಯಿಂದ ಮೂರು ಗಂಟೆ. ನಮ್ಮ ಲೆಕ್ಕ ಇದು. ಜನರೇಟರ್ ಸ್ಟಾರ್ಟ್ ಆಗಿ ಎರಡು ಮೂರು ನಿಮಿಷ ಬಿಸಿಯಾದ ಮೇಲೆ ಫ್ರಿಜ್ ಹಾಕಿ. ಶುರುವಿನ ಹೊತ್ತಿಗೆ ಇಕೋ ಸ್ವಿಚ್ ಆಫ್ ಇರಲಿ, ಎಂಜಿನ್ ಪೂರ್ತಿ ವೇಗದಲ್ಲಿದ್ದರೆ ಎಳೆತ ತಡೆಯುತ್ತದೆ. ಫ್ರಿಜ್ ಓಡತೊಡಗಿದ ಮೇಲೆ ಇಕೋ ಆನ್ ಮಾಡಿ. ಆಫ್ ಆದ ಫ್ರಿಜ್ ಅನ್ನು ತಕ್ಷಣ ಮತ್ತೆ ಹಾಕಬೇಡಿ. ಒಳಗಿನ ಗ್ಯಾಸ್ ಒತ್ತಡ ಇಳಿಯಲು ಐದು ನಿಮಿಷ ಬೇಕು. ಅವಸರ ಮಾಡಿದರೆ ಮತ್ತೆ ಅದೇ ಉಂ… ಟಕ್.

ಒಳಗೊಂದು ಪುಟ್ಟ ಥರ್ಮಾಮೀಟರ್ ಇಡಿ. ಹಾಲು, ಮಾಂಸಕ್ಕೆ 5 ಡಿಗ್ರಿ ಒಳಗಿರಬೇಕು. ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ. ಅದನ್ನು ಐಸ್ ಬಾಟಲಿಗೂ ಫ್ರೀಜರ್ ಗೋಡೆಗೂ ತಾಗಿಸಬೇಡಿ, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಬಳಸುವಂತಿಲ್ಲ. ನಾವು ಬಟ್ಟೆ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿ, ನಡುವಿನ ತಟ್ಟೆಯಲ್ಲಿ ಇಡುತ್ತೇವೆ. ಅತ್ತೆ ಈಗಲೂ ಬೆಳಿಗ್ಗೆ ಎದ್ದ ಕೂಡಲೇ ಥರ್ಮಾಮೀಟರ್ ನೋಡಿ, ಗೋಡೆ ಕ್ಯಾಲೆಂಡರ್ ಹಾಳೆಯ ಹಿಂದೆ ಡಿಗ್ರಿ ಬರೆದಿಡುತ್ತಾರೆ. ಕಳೆದ ಡಿಸೆಂಬರ್‌ನ ನಾಲ್ಕು ದಿನವೂ 4 ಮತ್ತು 7ರ ನಡುವೆಯೇ ಇತ್ತು. ಇನ್ಸುಲಿನ್‌ಗೆ ಅದು ಸರಿ, ಹಾಲು, ಮಾಂಸಕ್ಕೆ ಮಾತ್ರ 5 ದಾಟಿದ್ದು ಜಾಸ್ತಿಯೇ.

10. ವಾಪಸ್ ಬಂದ ಮೇಲೆ

ಸುಸ್ತಾಗಿ ಬಂದು ಜನರೇಟರ್ ಅನ್ನು ಹಾಗೇ ಮೂಲೆಗೆ ತಳ್ಳುತ್ತೇವೆ. ಆರು ತಿಂಗಳ ನಂತರ ಹಗ್ಗ ಎಳೆದೂ ಎಳೆದೂ ತೋಳು ಬಿದ್ದುಹೋಗುತ್ತದೆ, ಎಂಜಿನ್ ಏಳುವುದಿಲ್ಲ. ನಿಂತ ಪೆಟ್ರೋಲ್ ಕಾರ್ಬೊರೇಟರ್ ಒಳಗೆ ಅಂಟಿನ ಹಾಗೆ ಕೂತಿರುತ್ತದೆ. ಬಂದ ವಾರದೊಳಗೆ ಟ್ಯಾಂಕ್ ಖಾಲಿ ಮಾಡಿ. ಆಮೇಲೆ ಕಾಕ್ ಬಂದ್ ಮಾಡಿ ಎಂಜಿನ್ ಓಡಲು ಬಿಡಿ, ಕಾರ್ಬೊರೇಟರ್‌ನಲ್ಲಿ ಉಳಿದದ್ದು ಮುಗಿದು ತಾನಾಗಿ ನಿಲ್ಲಲಿ. ಏರ್ ಫಿಲ್ಟರ್‌ನ ಧೂಳು ಕೊಡವಿ. ಆಯಿಲ್ ಬದಲಿಸಿದ ತಾರೀಕನ್ನೂ ಓಡಿದ ಗಂಟೆಗಳನ್ನೂ ಒಂದು ಚೀಟಿಯಲ್ಲಿ ಬರೆದು ಕವಚದ ಮೇಲೆ ಅಂಟಿಸಿ. ಎರಡು ತಿಂಗಳಿಗೊಮ್ಮೆ ಒಂದು ಲೋಟ ಹೊಸ ಪೆಟ್ರೋಲ್ ಹಾಕಿ, ಫ್ಯಾನೋ ಇಸ್ತ್ರಿ ಪೆಟ್ಟಿಗೆಯೋ ಸಿಕ್ಕಿಸಿ, ಹತ್ತು ನಿಮಿಷ ಅಂಗಳದಲ್ಲಿ ಓಡಿಸಿ ಮತ್ತೆ ಖಾಲಿ ಮಾಡಿಡಿ.